ಪ್ರಾಜೆಕ್ಟ್ ಯಾರ ಲ್ಯಾಪ್‌ಟಾಪಿನ್ಯಾಗ ಓಡತೈತಿ? (ಕಂತು 6)

ನಾಲ್ಕು ಮಂದಿ ಟೀಮ್. ರಿಪೋರ್ಟಿನ ಮೊದಲ ಪುಟದಾಗ ನಾಲ್ಕೂ ಮಂದಿ ಹೆಸರು ಇರತೈತಿ. ಆದ್ರ ಪ್ರಾಜೆಕ್ಟ್ ಓಡೋದು ಒಬ್ಬರ ಲ್ಯಾಪ್‌ಟಾಪಿನ್ಯಾಗ ಮಾತ್ರ. ಉಳಿದ ಮೂರು ಮಂದಿ ರಿಪೋರ್ಟ್ ಟೈಪ್ ಮಾಡ್ತಾರ, ಪಿಪಿಟಿಗೆ ಬಣ್ಣ ಹಚ್ತಾರ, ವೈವಾದಾಗ ಹಿಂದ ನಿಂದರ್ತಾರ.

ನಮ್ಮ ಯಮಕನಮರಡಿ ಕಡೆಯಿಂದ ದಿನಾ ಓಡಾಡೋ ಹುಡುಗ ಹುಡುಗಿಯರು ಬಹಳ ಸಲ ಆ ಮೂರು ಮಂದ್ಯಾಗ ಇರ್ತಾರ. ಬುದ್ಧಿ ಕಡಿಮಿ ಅಂತಲ್ಲ. ಸಂಜೀ ಬಸ್ ತಪ್ಪಿದ್ರ ಹೈವೇ ಮ್ಯಾಲ ಹತ್ತರಗಿಗೆ ಇಳಿದು ಇನ್ನೊಂದು ಗಾಡಿ ನೋಡಬೇಕು. ಲ್ಯಾಬ್ ಬಾಗಿಲಾ ಹಾಕೋತನಕ ಕುಂತು ಸೆಟ್ಟಿಂಗ್ ಹುಡುಕೋ ಅಷ್ಟು ಹೊತ್ತು ಅವರ ಕಡೆ ಇರಂಗಿಲ್ಲ.

ಇವತ್ತಿನ ಕಂತು ಆ ಸೆಟ್ಟಿಂಗ್ ಬಗ್ಗೇನ. ವಿಟಿಯು ಸಿಲಬಸ್‌ನಾಗ ಸರ್ವ್ಲೆಟ್, ಜೆಎಸ್‌ಪಿ, ಜೆಡಿಬಿಸಿ ಓದಿದವರಿಗೆ ಎಕ್ಲಿಪ್ಸ್ ಗೊತ್ತು. 'ರನ್ ಆನ್ ಸರ್ವರ್' ಒತ್ತಿದ್ರ ಟಾಮ್‌ಕ್ಯಾಟ್ ಎದ್ದು ಪೇಜ್ ಬರತೈತಿ. ಆ ಒಂದು ಗುಂಡಿಯ ಹಿಂದೆ ಎಕ್ಲಿಪ್ಸ್ ಮೂರು ಪ್ರಶ್ನೆಗೆ ಉತ್ತರ ಹುಡುಕುತ್ತದೆ. ಒಂದು: ಯಾವ ಫೋಲ್ಡರ್ ಸರ್ವರ್‌ನಲ್ಲಿ ಎಲ್ಲಿ ಹೋಗಿ ಕೂರಬೇಕು? ಎರಡು: ಯಾವ ಜಾರ್ ಫೈಲ್‌ಗಳು ಜೊತೆಗೆ ಹೋಗಬೇಕು? ಮೂರು: ಇದು ಯಾವ ಆವೃತ್ತಿಯ ವೆಬ್ ಪ್ರಾಜೆಕ್ಟ್?

ಈ ಕೆಲಸ ನೋಡಿಕೊಳ್ಳುವ ಭಾಗಕ್ಕೆ ವೆಬ್ ಟೂಲ್ಸ್ ಪ್ಲಾಟ್‌ಫಾರ್ಮ್ ಅಂತ ಹೆಸರು, ಚಿಕ್ಕದಾಗಿ ಡಬ್ಲ್ಯೂಟಿಪಿ. ಅದರ 1.0 ಆವೃತ್ತಿ ಬಂದದ್ದು 2005ರಲ್ಲಿ. ಉತ್ತರಗಳನ್ನೆಲ್ಲ ಅದು ಪ್ರಾಜೆಕ್ಟಿನ ಒಳಗೆ 'ಡಾಟ್ ಸೆಟ್ಟಿಂಗ್ಸ್' ಎಂಬ ಅಡಗಿದ ಫೋಲ್ಡರ್‌ನಲ್ಲೂ, 'ಡಾಟ್ ಕ್ಲಾಸ್‌ಪಾತ್' ಫೈಲ್‌ನಲ್ಲೂ ಬರೆದಿಡುತ್ತದೆ. ನಾವು ಮೌಸ್ ಹಿಡಿದು 'ಡಿಪ್ಲಾಯ್‌ಮೆಂಟ್ ಅಸೆಂಬ್ಲಿ' ಪುಟದಾಗ ಕ್ಲಿಕ್ ಮಾಡಿದ್ದೆಲ್ಲ ಅಲ್ಲಿ ಹೋಗಿ ಕುಂದರತೈತಿ. ಬಹಳ ಟೀಮ್‌ಗಳು ಈ ಫೈಲ್‌ಗಳನ್ನ ಗಿಟ್‌ಗೆ ಹಾಕಂಗಿಲ್ಲ. ಹಾಕಿದವರು ಒಬ್ಬರದ ಇನ್ನೊಬ್ಬರು ಅಳಿಸಿ ಜಗಳಾಡ್ತಾರ.

ನಮ್ಮ ಟೀಮ್‌ನ್ಯಾಗ ಆದದ್ದು ಹೇಳ್ತೀನಿ. ಸಂತಿಯೊಳಗಿನ ತರಕಾರಿ ದರ ತೋರಿಸೋ ಸಣ್ಣ ವೆಬ್‌ಸೈಟ್ ಮಾಡ್ತಿದ್ವಿ. ಒಬ್ಬ ಗೆಳತಿ ಗಿಟ್‌ನಿಂದ ಅದೇ ಕೋಡ್ ಇಳಿಸಿಕೊಂಡ್ಲು. ಕಂಪೈಲ್ ಆತು, ಒಂದೂ ಕೆಂಪು ಗೆರಿ ಇಲ್ಲ. ರನ್ ಮಾಡಿದ ಕೂಡ್ಲೇ 'ಕ್ಲಾಸ್ ನಾಟ್ ಫೌಂಡ್ ಎಕ್ಸೆಪ್ಷನ್'. "ನಂದ್ರಾಗ ಓಡತೈತಿ, ನೀನ ಏನೋ ತಪ್ಪು ಮಾಡೀಯವ್ವ" ಅಂದ ಒಬ್ಬ. ಆಕಿ ಮೂರು ದಿನ ಅದನ್ನ ನಂಬಿದ್ಲು. ನಾಲ್ಕನೇ ದಿನ "ನಾ ಡಾಕ್ಯುಮೆಂಟೇಶನ್ ಬರೀತೀನಿ ಬಿಡ್ರಿ" ಅಂದ್ಲು.

ಆಕಿ ತಪ್ಪು ಏನೂ ಇರಲಿಲ್ಲ. ಮೈಎಸ್‌ಕ್ಯೂಎಲ್‌ನ ಜೆಡಿಬಿಸಿ ಡ್ರೈವರ್ ಜಾರ್ 'ಬಿಲ್ಡ್ ಪಾತ್'ನ್ಯಾಗ ಇತ್ತು, ಸರ್ವರ್‌ಗೆ ಹೋಗೋ ಪಟ್ಟಿಯೊಳಗ ಇರಲಿಲ್ಲ. ಇವೆರಡೂ ಬೇರೆ ಬೇರೆ. ಬಿಲ್ಡ್ ಪಾತ್ ಅನ್ನೋದು ಕಂಪೈಲ್ ಮಾಡೋವಾಗ ನೋಡಲಿಕ್ಕೆ. ಡಿಪ್ಲಾಯ್‌ಮೆಂಟ್ ಅನ್ನೋದು ಟಾಮ್‌ಕ್ಯಾಟ್‌ಗೆ ಕಟ್ಟಿ ಕಳಿಸೋ ಬುತ್ತಿ. ಅಡಗಿ ಮನ್ಯಾಗ ರೊಟ್ಟಿ ಇದ್ದಷ್ಟಕ್ಕ ಹೊಲದಾಗಿನವರ ಹೊಟ್ಟಿ ತುಂಬಂಗಿಲ್ಲಲ್ಲ, ಹಂಗ. "ನಂದ್ರಾಗ ಓಡತೈತಿ" ಅಂದವ ಯಾವತ್ತೋ ಒಮ್ಮೆ ಕ್ಲಿಕ್ ಮಾಡಿ ಮರೆತಿದ್ದ. ಆ ಕ್ಲಿಕ್ ಗಿಟ್‌ನ್ಯಾಗ ಇರಲಿಲ್ಲ.

ನಾವಿಬ್ಬರೂ ಕುಂತು ಅದನ್ನ ಗ್ರೇಡಲ್‌ಗೆ ಒಪ್ಪಿಸಿದ್ವಿ. ಎರಡನೇ ಫೋಟೋದಾಗ ಪೂರ್ತಿ ಬಿಲ್ಡ್ ಫೈಲ್ ಐತಿ, ಜೂಮ್ ಮಾಡಿ ನೋಡ್ರಿ. ಸಾರಾಂಶ ಇಲ್ಲಿ ಹೇಳ್ತೀನಿ.

ಮೊದಲಿಗೆ ಎರಡು ಪ್ಲಗಿನ್: 'ವಾರ್' ಮತ್ತು 'ಎಕ್ಲಿಪ್ಸ್-ಡಬ್ಲ್ಯೂಟಿಪಿ'. ಎರಡನೆಯದು ಗ್ರೇಡಲ್ ಜೊತೆಗೇ ಬರುತ್ತದೆ, ಬೇರೆ ಡೌನ್‌ಲೋಡ್ ಬೇಡ. ಇಷ್ಟು ಬರೆದರೇ ಜಾವಾ ಕ್ಲಾಸ್‌ಗಳು 'ವೆಬ್-ಇನ್ಫ್' ಒಳಗಿನ 'ಕ್ಲಾಸಸ್'ಗೆ, ಜಾರ್‌ಗಳು 'ಲಿಬ್'ಗೆ, 'ಎಸ್ಆರ್‌ಸಿ-ಮೇನ್-ವೆಬ್‌ಆ್ಯಪ್' ಫೋಲ್ಡರ್ ಬೇರಿಗೆ ಹೋಗಬೇಕು ಎಂದು ಅದೇ ಬರೆದುಕೊಡುತ್ತದೆ.

ಆಮೇಲೆ ಡಿಪೆಂಡೆನ್ಸಿಗಳು. ಡ್ರೈವರ್‌ಗೆ 'ರನ್‌ಟೈಮ್ ಓನ್ಲಿ'. ಸರ್ವ್ಲೆಟ್ ಎಪಿಐಗೆ 'ಪ್ರೊವೈಡೆಡ್ ಕಂಪೈಲ್', ಯಾಕಂದ್ರ ಅದು ಟಾಮ್‌ಕ್ಯಾಟ್ ಹತ್ತಿರ ಮೊದಲೇ ಇರತೈತಿ. ಇನ್ನೊಂದು ಪ್ರತಿ ಬುತ್ತಿಯೊಳಗ ಕಟ್ಟಬ್ಯಾಡ್ರಿ.

ಮೂರನೆಯದು 'ಎಕ್ಲಿಪ್ಸ್' ಬ್ಲಾಕ್, ಅದರೊಳಗೆ 'ಡಬ್ಲ್ಯೂಟಿಪಿ', ಅದರೊಳಗೆ 'ಕಾಂಪೊನೆಂಟ್' ಮತ್ತು 'ಫೆಸೆಟ್' ಎಂಬ ಎರಡು ಭಾಗ. ಕಾಂಪೊನೆಂಟ್‌ನಲ್ಲಿ 'ಕಾಂಟೆಕ್ಸ್ಟ್ ಪಾತ್' ಬರೆಯಬೇಕು. ಬಸ್ಸಿನ ಬೋರ್ಡ್ ಇದ್ದಂಗ ಅದು: ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ ಆದ ಮೇಲೆ ಬರುವ ಹೆಸರು. ಬರೆಯದಿದ್ರ ಫೋಲ್ಡರ್ ಹೆಸರಿನ ಮ್ಯಾಲ ಹೋಗತೈತಿ. ಒಬ್ಬರು ಫೋಲ್ಡರ್‌ಗೆ 'ಫೈನಲ್', ಇನ್ನೊಬ್ಬರು 'ಫೈನಲ್-2' ಅಂತ ಇಟ್ಟಿದ್ರ ಲಿಂಕ್ ಎಲ್ಲಾ ಕಡೀತಾವ. ಚಿತ್ರಗಳು ಬೇರೆ ಫೋಲ್ಡರ್‌ನಲ್ಲಿದ್ದರೆ 'ರಿಸೋರ್ಸ್' ಎಂದು ಬರೆದು 'ಸೋರ್ಸ್ ಪಾತ್', 'ಡಿಪ್ಲಾಯ್ ಪಾತ್' ಎರಡನ್ನೂ ಕೊಡಬೇಕು. ಎಲ್ಲಿಂದ ತಗೊಂಡು ಎಲ್ಲಿ ಇಡಬೇಕು, ಅಷ್ಟ. ಒಂದು ಎಚ್ಚರ: ಇದು ಎಕ್ಲಿಪ್ಸ್‌ಗೆ ಮಾತ್ರ. ಗ್ರೇಡಲ್ ಕಟ್ಟೋ ವಾರ್ ಫೈಲ್‌ನಾಗೂ ಆ ಚಿತ್ರ ಬರಬೇಕಂದ್ರ ವಾರ್ ಬ್ಲಾಕ್‌ಗೆ ಬ್ಯಾರೆ ಹೇಳಬೇಕು.

ಫೆಸೆಟ್ ಅಂದರೆ ಆವೃತ್ತಿಯ ಗುರುತು. ಇಲ್ಲಿ ಬಹಳ ಮಂದಿ ಸಿಗಬೀಳ್ತಾರ. ನಾವು ಏನೂ ಬರೆಯದಿದ್ದರೆ ಗ್ರೇಡಲ್ ವೆಬ್ ಫೆಸೆಟ್‌ಗೆ 2.4 ಎಂದು ಹಾಕುತ್ತದೆ. ಸರ್ವ್ಲೆಟ್ 2.4 ಬಂದದ್ದು 2003ರಲ್ಲಿ! ನಾವು ಬಳಸೋ 'ವೆಬ್‌ಸರ್ವ್ಲೆಟ್' ಅನೋಟೇಶನ್ ಬಂದದ್ದು 3.0 ಜೊತೆ, 2009ರಲ್ಲಿ. ಹಂಗಂತ ದೊಡ್ಡ ನಂಬರ್ ಹಾಕಿದ್ರೂ ತ್ರಾಸ. ಟಾಮ್‌ಕ್ಯಾಟ್ 8.5 ನಿಲ್ಲೋದು 3.1ಕ್ಕ, 9 ನಿಲ್ಲೋದು 4.0ಕ್ಕ. ಟಾಮ್‌ಕ್ಯಾಟ್ 10ರಿಂದ ಪ್ಯಾಕೇಜ್ ಹೆಸರೇ 'ಜಾವಾಎಕ್ಸ್' ಹೋಗಿ 'ಜಕಾರ್ತಾ' ಆಗೈತಿ, ಹಳೇ ಕೋಡ್ ಹಂಗ ನಡ್ಯಂಗಿಲ್ಲ. ಟೀಮ್ ಎಲ್ಲಾ ಕೂಡಿ ಒಂದು ಟಾಮ್‌ಕ್ಯಾಟ್ ಆವೃತ್ತಿ ಗೊತ್ತು ಮಾಡ್ಕೊಂಡು, ಅದಕ್ಕ ಹೊಂದೋ ಫೆಸೆಟ್ ಬರೀರಿ.

ಕೊನೆಗೆ ಟರ್ಮಿನಲ್‌ನಲ್ಲಿ ಗ್ರೇಡಲ್ ರ‍್ಯಾಪರ್ ಮೂಲಕ 'ಕ್ಲೀನ್ ಎಕ್ಲಿಪ್ಸ್', ನಂತರ 'ಎಕ್ಲಿಪ್ಸ್'. ಕ್ಲೀನ್ ಯಾಕ? ಗ್ರೇಡಲ್ ಹಳೆಯ ಸೆಟ್ಟಿಂಗ್ ಫೈಲ್ ಕಂಡರೆ ಅಳಿಸುವುದಿಲ್ಲ, ಅದರೊಳಗೇ ಸೇರಿಸುತ್ತದೆ. ಹಳೇ ಕಸ ಉಳೀತೈತಿ. ಎಕ್ಲಿಪ್ಸ್‌ನ್ಯಾಗ ಎಫ್5 ಒತ್ತಿ ರಿಫ್ರೆಶ್ ಮಾಡ್ರಿ. ಇನ್ನ ಮ್ಯಾಲ ಆ ಸೆಟ್ಟಿಂಗ್ ಫೈಲ್‌ಗಳನ್ನ ಗಿಟ್‌ಇಗ್ನೋರ್‌ಗೆ ಹಾಕ್ರಿ. ಬಿಲ್ಡ್ ಫೈಲ್ ಮತ್ತು ರ‍್ಯಾಪರ್ ಮಾತ್ರ ಗಿಟ್‌ನ್ಯಾಗ ಇರಲಿ.

ಮೇವನ್ ಬಳಸೋರಿಗೆ: ಹಳೆಯ ಮೇವನ್ ಎಕ್ಲಿಪ್ಸ್ ಪ್ಲಗಿನ್ ನಿವೃತ್ತಿ ಆಗೈತಿ. ಅದೇ ಕೆಲಸ ಈಗ ಎಕ್ಲಿಪ್ಸ್ ಒಳಗಿನ 'ಎಂ2ಇ-ಡಬ್ಲ್ಯೂಟಿಪಿ' ಮಾಡತೈತಿ.

"ಸ್ಪ್ರಿಂಗ್ ಬೂಟ್ ಬಂದು ಎಷ್ಟೋ ವರ್ಷ ಆತು, ಇದೆಲ್ಲಾ ಯಾಕಪಾ?" ಅಂತ ಕಾಮೆಂಟ್ ಬರತೈತಿ ಅಂತ ಗೊತ್ತು. ಖರೇ, ಅದರ ಜಾರ್ ಒಳಗೇ ಟಾಮ್‌ಕ್ಯಾಟ್ ಇರತೈತಿ, ಈ ತಲಿನೋವು ಕಡಿಮಿ. ಆದ್ರ ಲ್ಯಾಬಿನ್ಯಾಗ ಕೇಳೋದು ಸರ್ವ್ಲೆಟ್, ಮಾರ್ಕ್ಸ್ ಇರೋದೂ ಅದಕ್ಕ. "ಎರಡು ಮಿನಿಟಿನ ಕ್ಲಿಕ್‌ಗೆ ಇಷ್ಟು ಬರೀಬೇಕಾ?" ಅನ್ನೋರೂ ಅದಾರ. ಕ್ಲಿಕ್ ಗೊತ್ತಿದ್ದವರಿಗೆ ಎರಡು ಮಿನಿಟ್. ಗೊತ್ತಿಲ್ಲದವರಿಗೆ ಮೂರು ದಿನ, ಮ್ಯಾಲ ತನ್ನ ಬಗ್ಗೆ ತನಗ ಸಂಶಯ.

ಇದರಿಂದ ಎಲ್ಲಾ ಸರಿ ಆಗಂಗಿಲ್ಲ. ಟಾಮ್‌ಕ್ಯಾಟ್ ಪ್ರತಿಯೊಬ್ಬರೂ ಇಳಿಸಿಕೊಳ್ಳಬೇಕು, ಡೇಟಾಬೇಸ್ ಪಾಸ್‌ವರ್ಡ್ ತಂತಮ್ಮದು ಇಟ್ಕೋಬೇಕು. ಆದ್ರ ಅವತ್ತು ಮಧ್ಯಾಹ್ನ ಆಕಿ ಹಳೇ ಲ್ಯಾಪ್‌ಟಾಪಿನ್ಯಾಗ ದರದ ಪಟ್ಟಿ ಬಂತು, ನಾಲ್ಕರ ಬಸ್ಸೂ ಸಿಕ್ಕಿತು. ಮುಂದ ಹುಡುಕೋ ಪೇಜ್ ಪೂರ್ತಿ ಆಕಿನ ಬರೆದ್ಲು. ವೈವಾದಾಗ ಆ ಪೇಜಿನ ಪ್ರಶ್ನೆ ಬಂದಾಗ ಉತ್ತರ ಹೇಳಿದ್ದೂ ಆಕಿನ.

ಈ ವಾರ ಒಂದು ಕೆಲಸ ಮಾಡ್ರಿ. ನಿಮ್ಮ ಟೀಮ್‌ನ್ಯಾಗ ಯಾರ ಲ್ಯಾಪ್‌ಟಾಪ್ ಎಲ್ಲಕ್ಕಿಂತ ಹಳೇದೈತಿ, ಅದರಾಗ ಪ್ರಾಜೆಕ್ಟ್ ಹೊಸದಾಗಿ ಕ್ಲೋನ್ ಮಾಡ್ರಿ. ಆ ಎರಡು ಕಮಾಂಡ್ ಕೊಟ್ಟು ರನ್ ಒತ್ರಿ. ಏನ್ ಎರರ್ ಬಂತು ಕೆಳಗ ಬರೀರಿ, ಕೂಡಿ ನೋಡೋಣು. ಮುಂದಿನ ಕಂತಿನ್ಯಾಗ ಪಾಸ್‌ವರ್ಡ್ ಗಿಟ್‌ಗೆ ಹೋಗಲಾರದಂಗ ಇಡೋದು ಹೆಂಗ ಅಂತ.

#ಯಮಕನಮರಡಿ #ಕನ್ನಡದಾಗ_ಕೋಡಿಂಗ್ #ಗ್ರೇಡಲ್ #ಎಕ್ಲಿಪ್ಸ್