ನೆನಪಿಲ್ಲದ ಎಂಟು ದಿನ

ಏಪ್ರಿಲ್ ಎರಡನೆಯ ವಾರ ಬಂತೆಂದರೆ ನಾನು ನಮ್ಮ ಬೀದಿಯ ಬೀಗದ ಕೈಗಳ ಖಜಾಂಚಿ. ಹೂಟಗಳ್ಳಿಯ ಹೌಸಿಂಗ್ ಬೋರ್ಡ್ ಕಾಲೊನಿಯ ನಮ್ಮ ಬೀದಿಯಲ್ಲಿ ಮೂಲ ಹೂಟಗಳ್ಳಿಯವರು ಕಡಿಮೆ. ಸುತ್ತಲಿನ ಕಾರ್ಖಾನೆಗಳನ್ನು ನಂಬಿ ಬಂದವರೇ ಹೆಚ್ಚು. ಒಬ್ಬರದು ಪಿರಿಯಾಪಟ್ಟಣ, ಇನ್ನೊಬ್ಬರದು ಹಾವೇರಿ, ಮತ್ತೊಬ್ಬರದು ಚಾಮರಾಜನಗರ. ಶಾಲೆಗೆ ರಜೆ ಸಿಕ್ಕಿದ್ದೇ ತಡ, ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಹೊರಡುತ್ತಾರೆ. ‘ಮೇಷ್ಟ್ರೇ, ತುಳಸಿಗೆ ಒಂದು ತಂಬಿಗೆ ನೀರು ಹಾಕ್ಬಿಡಿ’ ಎಂದು ಬೀಗದ ಕೈ ನನ್ನ ಕೈಗಿಡುತ್ತಾರೆ. ಮೊಳೆಗೆ ನೇತುಹಾಕಿದ ಆ ಗೊಂಚಲನ್ನು ನೋಡಿದಾಗಲೆಲ್ಲ, ನಾನು ನನ್ನ ಮಗಳನ್ನು ಹೀಗೆ ಎಷ್ಟು ಸಲ ಊರಿಗೆ ಕರೆದೊಯ್ದೆ ಎಂಬ ಲೆಕ್ಕ ಮನಸ್ಸಿಗೆ ಬರುತ್ತದೆ. ಅದೇನೂ ದೊಡ್ಡ ಲೆಕ್ಕವಲ್ಲ. ಒಂದೇ ಸಲ.

ಮೊನ್ನೆ ಏಪ್ರಿಲ್‌ನಲ್ಲಿ ಆ ಮಗಳಿಗೇ ಬೆಂಗಳೂರಿಗೆ ಫೋನ್ ಮಾಡಿ, ‘ಮಗೂನ ಕರ್ಕೊಂಡು ಒಂದು ವಾರ ಬಂದು ಇರಮ್ಮ’ ಎಂದೆ. ಅವಳು ನಕ್ಕಳು. ‘ಅಪ್ಪಾ, ಅವಳಿಗಿನ್ನೂ ಒಂದೂವರೆ ವರ್ಷ. ಬಂದ್ರೂ ಏನೂ ನೆನಪಿರಲ್ಲ. ಸುಮ್ನೆ ರಜೆ ಹಾಳು. ನಾಲ್ಕು ವರ್ಷ ಆಗ್ಲಿ, ಆಮೇಲೆ ಹದಿನೈದು ದಿನ ಬಂದಿರ್ತೀವಿ.’

ವಿಜ್ಞಾನದ ಮೇಷ್ಟ್ರಾದ ನಾನು ಏನೆಂದು ವಾದಿಸಲಿ? ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಿಮ್ಮ ಬದುಕಿನ ಮೊಟ್ಟಮೊದಲ ನೆನಪು ಯಾವುದು ಎಂದು ಕೇಳಿಕೊಂಡು ನೋಡಿ. ಬಹುತೇಕ ಅದು ಮೂರು, ಮೂರೂವರೆ ವರ್ಷದಿಂದ ಈಚಿನದು. ಅದಕ್ಕೂ ಹಿಂದಿನದು ಖಾಲಿ ಹಲಗೆ. ಟೊರಾಂಟೊದ ವಿಜ್ಞಾನಿಗಳಾದ ಶೀನಾ ಜಾಸಲಿನ್, ಪಾಲ್ ಫ್ರಾಂಕ್‌ಲಂಡ್ ಮತ್ತು ಸಂಗಡಿಗರು 2014ರಲ್ಲಿ ಇಲಿಮರಿಗಳ ಮೇಲೆ ಪ್ರಯೋಗ ಮಾಡಿ ಇದಕ್ಕೊಂದು ಕಾರಣ ಹೇಳಿದರು. ನೆನಪುಗಳನ್ನು ಕಟ್ಟಿಡುವ ಹಿಪ್ಪೊಕ್ಯಾಂಪಸ್ ಎಂಬ ಮಿದುಳಿನ ಭಾಗದಲ್ಲಿ ಎಳೆಯ ವಯಸ್ಸಿನಲ್ಲಿ ಹೊಸ ನರಕೋಶಗಳು ಭರದಿಂದ ಹುಟ್ಟುತ್ತಿರುತ್ತವೆ. ಹೊಸ ಕೋಶಗಳು ಬಂದು ಸೇರಿಕೊಳ್ಳುವ ಗಡಿಬಿಡಿಯಲ್ಲಿ ಹಳೆಯ ಜೋಡಣೆಗಳು ಕದಲುತ್ತವೆ, ನೆನಪು ಅಳಿಯುತ್ತದೆ. ಬಲಿತ ಮಿದುಳಿನೊಂದಿಗೇ ಹುಟ್ಟುವ ಗಿನಿಯಿಲಿಗಳಲ್ಲಿ ಈ ಮರೆವು ಇಲ್ಲ.

ಆದರೆ ಮಗಳ ಮಾತು ನನ್ನನ್ನು ಕುಟುಕಿದ್ದು ಅದು ಸರಿಯಾಗಿತ್ತೆಂದಲ್ಲ. ಇದೇ ಮಾತನ್ನು ಇಪ್ಪತ್ತೈದು ವರ್ಷದ ಹಿಂದೆ ನಾನು ನನ್ನ ಅಮ್ಮನಿಗೆ ಹೇಳಿದ್ದೆ.

ನಮ್ಮ ಊರು ಹಾಸನ ಜಿಲ್ಲೆ ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿ ದಡದ ರಾಮನಾಥಪುರಕ್ಕೆ ಹತ್ತಿರದ ಒಂದು ಹಳ್ಳಿ. ಮೈಸೂರಿನಿಂದ ನೂರು ಕಿಲೋಮೀಟರೂ ಇಲ್ಲ. ಈ ಹತ್ತಿರವೇ ನಮಗೆ ಶತ್ರುವಾಯಿತು. ದೂರದ ಊರಿನವರು ಹೋದರೆ ವಾರವಾದರೂ ಇರುತ್ತಾರೆ. ನಾವು ಬೆಳಿಗ್ಗೆ ಹೋಗಿ, ಮಧ್ಯಾಹ್ನ ಉಂಡು, ಸಂಜೆಯ ಬಸ್ಸಿಗೆ ವಾಪಸು. ಅಮ್ಮ ಒಮ್ಮೆ ಅಂದೇಬಿಟ್ಟಳು: ‘ಬತ್ತೀಯ, ಉಂಡ್ ತಟ್ಟೆ ತೊಳೆಯೋ ಹೊತ್ಗೆ ಹೊರಟ್ ನಿಂತ್ಕತೀಯ. ಇದೇನ್ ಮನೇನಾ, ಬಸ್‌ಸ್ಟ್ಯಾಂಡಾ? ಕೂಸು ನನ್ ಮಖಾನಾದ್ರೂ ಗುರ್ತು ಹಿಡೀಬೇಕಲ್ಲಪ್ಪ.’ ಅದಕ್ಕೆ ನಾನು ಕೊಟ್ಟ ಜಾಣ ಉತ್ತರ: ‘ಈಗ ಬಂದ್ರೂ ಅವಳಿಗೇನು ನೆನಪಿರುತ್ತಮ್ಮ? ದೊಡ್ಡವಳಾಗ್ಲಿ.’

ರಜೆಯ ಕಷ್ಟವೂ ನಿಜವೇ. ನನಗೇನೋ ಬೇಸಿಗೆ ರಜೆ ಇತ್ತು. ಹೆಂಡತಿ ಇಲ್ಲಿಯೇ ಒಂದು ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಳು. ಹಿಂದಿನ ವರ್ಷ ಕನಿಷ್ಠ 240 ದಿನ ಕೆಲಸ ಮಾಡಿದವರಿಗೆ, ಪ್ರತಿ 20 ದಿನದ ದುಡಿಮೆಗೆ 1 ದಿನದಂತೆ ಸಂಬಳ ಸಹಿತ ರಜೆ. ಇದು ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ ಲೆಕ್ಕ. ಅಂದರೆ ಎಂಟು ದಿನ ಊರಿನಲ್ಲಿರಬೇಕಾದರೆ ಅವಳು 160 ದಿನ ದುಡಿದಿರಬೇಕು. ಅದರಲ್ಲಿಯೇ ಮಗುವಿನ ಜ್ವರಕ್ಕೆ, ನೆಂಟರ ಮದುವೆಗೆ, ಸಾವಿಗೆ ಎಂದು ಕತ್ತರಿಸಿದರೆ ಉಳಿಯುವುದೆಷ್ಟು? ಆದರೂ ಅತ್ತೆಯ ಮಾತು ಅವಳಿಗೆ ನಾಟಿತ್ತು. ಒಂದೊಂದೇ ದಿನ ಉಳಿಸಿ 2001ರ ಮೇ ತಿಂಗಳಲ್ಲಿ ಎಂಟು ದಿನದ ರಜೆ ಹಾಕಿದಳು. ಮಗಳಿಗಾಗ ಎರಡೂವರೆ ವರ್ಷ.

ಆ ಪ್ರಯಾಣವನ್ನು ಸುಖಪ್ರಯಾಣವೆಂದು ಹೇಳಲಾರೆ. ಕೆ.ಆರ್. ನಗರದಲ್ಲಿ ಒಮ್ಮೆ, ಸಾಲಿಗ್ರಾಮ ದಾಟಿದ ಮೇಲೆ ಇನ್ನೊಮ್ಮೆ ಮಗು ವಾಂತಿ ಮಾಡಿಕೊಂಡಿತು. ಮನೆಗೆ ಹೋದರೆ ಅಮ್ಮನ ಮುಖ ಕಂಡು ಚೀರಾಟ. ಕತ್ತಲೆಯ ಬಚ್ಚಲುಮನೆಗೆ ಹೆದರಿಕೆ, ಹಸು ಕೆಮ್ಮಿದರೂ ಹೆದರಿಕೆ. ಮೂರನೆಯ ದಿನ ಭೇದಿ ಬೇರೆ ಶುರುವಾಯಿತು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸುತ್ತ ಕೂತೆವು. ರಾತ್ರಿ ಕರೆಂಟೂ ಇಲ್ಲ. ಸೊಳ್ಳೆ ಓಡಿಸುತ್ತ ಕೂತಿದ್ದ ಹೆಂಡತಿ, ‘ಇದಕ್ಕೇನ್ರೀ ನಾನು ರಜೆ ಕೂಡಿಟ್ಟಿದ್ದು?’ ಎಂದು ಕಣ್ಣೀರು ಹಾಕಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಎದ್ದು ನೋಡಿದರೆ ಹಾಸಿಗೆಯಲ್ಲಿ ಮಗುವಿಲ್ಲ. ಕೊಟ್ಟಿಗೆಯಲ್ಲಿ ಅಮ್ಮನ ಸೆರಗು ಹಿಡಿದು ನಿಂತಿದೆ. ಅಮ್ಮ ಹಾಲು ಕರೆಯುತ್ತಿದ್ದಾಳೆ. ಇಬ್ಬರಲ್ಲಿ ಯಾರೂ ಮಾತಾಡುತ್ತಿಲ್ಲ. ಅಲ್ಲಿಂದ ಮುಂದೆ ನಾವಿಬ್ಬರೂ ಮಗುವಿಗೆ ಬೇಡವಾದೆವು. ಆರನೆಯ ದಿನ ಅಜ್ಜಿ ಮೊಮ್ಮಗಳು ನಮ್ಮನ್ನು ಹಿಂದಿಟ್ಟುಕೊಂಡು ರಾಮನಾಥಪುರಕ್ಕೆ ಹೋದರು. ಅಲ್ಲಿ ಹೊಳೆಯ ಮೆಟ್ಟಿಲ ಬಳಿಯ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ದೇವರ ಮೀನುಗಳೆಂದು ಬಂದವರೆಲ್ಲ ಪುರಿ ಹಾಕುತ್ತಾರೆ. ಅಮ್ಮ ಸೆರಗಿನ ಗಂಟು ಬಿಚ್ಚಿ ಪುರಿ ಎರಚಿದಳು. ಮೊಳದುದ್ದದ ಮೀನುಗಳು ಒಂದರ ಮೇಲೊಂದು ಉರುಳಿ ಬಂದವು. ಮಗು ಕೈತಟ್ಟಿ ಕುಣಿಯಿತು. ಆ ಮೀನಿಗೆ ತನ್ನದೇ ಒಂದು ಹೆಸರಿಟ್ಟು ಕೂಗಿತು. ಅಮ್ಮ ಅದನ್ನೇ ಹಿಂದಿರುಗಿ ಕೂಗಿದಳು. ಹೊರಡುವ ದಿನ ಬಸ್ಸಿನ ಕಿಟಕಿಯಲ್ಲಿ ಮಗು ಅತ್ತ ಅಳುವಿಗೆ ಕಂಡಕ್ಟರೂ ಮುಖ ತಿರುಗಿಸಿಕೊಂಡ.

ಹೂಟಗಳ್ಳಿಗೆ ಬಂದ ಮೇಲೆ ಎರಡು ತಿಂಗಳು ಅಜ್ಜಿಯದೇ ಜಪ. ಆಮೇಲೆ ಅದು ಕಡಿಮೆಯಾಯಿತು. ಶಾಲೆಗೆ ಸೇರುವ ಹೊತ್ತಿಗೆ ಪೂರ್ತಿ ಅಳಿಸಿಹೋಯಿತು. ಮುಂದೆ ಮತ್ತೆ ಅಂಥ ರಜೆ ನಮಗೆ ಕೂಡಿಬರಲಿಲ್ಲ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನ, 2004ರಲ್ಲಿ ಚುನಾವಣೆ, 2008ರಲ್ಲಿ ಮತ್ತೆ ಚುನಾವಣೆ, ನಡುವೆ ಮನೆಯ ಸಾಲ ತೀರಿಸಲು ಬೇಸಿಗೆ ಟ್ಯೂಷನ್. ಊರಿಗೆ ಹೋದರೂ ಹಳೆಯ ಪದ್ಧತಿಯಂತೆ ಸಂಜೆಯ ಬಸ್ಸು. ಹೋದಾಗಲೆಲ್ಲ ಅಮ್ಮ ಮೊಮ್ಮಗಳ ಕೈಗೆ ಒಂದು ಹಿಡಿ ಪುರಿ ಇಡುತ್ತಿದ್ದಳು. ಒಂಬತ್ತು ವರ್ಷದ ಮಗಳು ಅದನ್ನು ತಾನೇ ತಿಂದು ಮುಗಿಸಿ, ಬಸ್ಸಿನಲ್ಲಿ ನನ್ನನ್ನು ಕೇಳಿದಳು: ‘ಅಜ್ಜಿ ಯಾವಾಗ್ಲೂ ಪುರೀನೇ ಯಾಕಪ್ಪ ಕೊಡ್ತಾರೆ?’

ಅಮ್ಮ 2009ರಲ್ಲಿ ತೀರಿಕೊಂಡಳು. ತಿಥಿಗೆ ಬಂದ ನೆರೆಯ ಹೆಂಗಸರು ಒಬ್ಬೊಬ್ಬರಾಗಿ ನನ್ನ ಮಗಳನ್ನು ಹತ್ತಿರ ಕರೆದು, ‘ನೀನೇ ಅಲ್ವಾ ಮೀನ್ ಕೂಗ್ದೋಳು?’ ಎಂದು ಕೆನ್ನೆ ಸವರಿದರು. ಎಂಟು ವರ್ಷ ಕಾಲ ಅಮ್ಮ ಆ ಎಂಟು ದಿನವನ್ನು ಊರಿಗೆಲ್ಲ ಹೇಳಿಕೊಂಡು ಬದುಕಿದ್ದಳೆಂದು ನನಗೆ ತಿಳಿದದ್ದು ಅಂದು.

ಈ ಕಥೆಯನ್ನೇ ಮೊನ್ನೆ ಫೋನಿನಲ್ಲಿ ಮಗಳಿಗೆ ಹೇಳಿದೆ. ಅವಳು ಸುಮ್ಮನೆ ಕೇಳಿಸಿಕೊಂಡು, ‘ಮೀನಿಗೆ ನಾನು ಏನಂತ ಹೆಸರಿಟ್ಟಿದ್ದೆ ಅಪ್ಪಾ?’ ಎಂದಳು.

ನನಗೆ ನೆನಪಿರಲಿಲ್ಲ. ಹೆಂಡತಿಯನ್ನು ಕೇಳಿದೆ, ಅವಳಿಗೂ ಇಲ್ಲ. ಅದು ಗೊತ್ತಿದ್ದವಳು ಒಬ್ಬಳೇ.

ಆಗ ನನಗೆ ಹೊಳೆದದ್ದು ಇಷ್ಟು. ನಮ್ಮ ಬದುಕಿನ ಮೊದಲ ಮೂರು ವರ್ಷದ ದಾಖಲೆ ನಮ್ಮ ಬಳಿ ಇರುವುದಿಲ್ಲ. ಅದು ನಮ್ಮನ್ನು ಎತ್ತಿ ಆಡಿಸಿದವರ ಬಳಿ ಇರುತ್ತದೆ. ಅವರು ಹೋದರೆ ಅದೂ ಹೋಯಿತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2025ರಲ್ಲಿ 26 ಎಳೆಮಕ್ಕಳ ಮಿದುಳನ್ನು ಸ್ಕ್ಯಾನ್ ಮಾಡಿ, ಒಂದು ವರ್ಷದ ಆಸುಪಾಸಿನಲ್ಲಿಯೇ ನೆನಪು ಮೂಡಲು ತೊಡಗುತ್ತದೆ ಎಂಬ ಸೂಚನೆ ಕಂಡರು. ಮೂಡಿದ್ದು ದೊಡ್ಡವರಾದ ಮೇಲೆ ಕೈಗೆ ಏಕೆ ಸಿಗುವುದಿಲ್ಲ ಎಂಬುದು ಇನ್ನೂ ಬಿಡಿಸದ ಒಗಟು. ಮಿದುಳಿನೊಳಗೆ ಏನೇ ಇರಲಿ, ಹೊರಗೆ ಅದನ್ನು ಕಾದಿಡುವವರು ಅಜ್ಜ ಅಜ್ಜಿಯರೇ. ಆದ್ದರಿಂದ ‘ಮಗುವಿಗೆ ನೆನಪಿರುತ್ತದೆಯೇ’ ಎಂದು ಲೆಕ್ಕ ಹಾಕಿ ರಜೆ ಹಾಕಬಾರದು. ಆ ರಜೆ ಮಗುವಿನ ನೆನಪಿಗಾಗಿ ಅಲ್ಲ.

ಎಳೆಯ ಮಕ್ಕಳ ತಂದೆತಾಯಿಗೆ ಮೇಷ್ಟ್ರ ಮಾತು ಒಂದೇ. ಹೋದರೆ ನಾಲ್ಕು ರಾತ್ರಿಯಾದರೂ ಉಳಿಯಿರಿ. ಹೊಸ ಮುಖ ಕಂಡು ಮಗು ಅಳುವುದು ಬೆಳವಣಿಗೆಯ ಲಕ್ಷಣ, ಅಜ್ಜಿಗೆ ಮಾಡಿದ ಅವಮಾನವಲ್ಲ. ಮೊದಲ ಎರಡು ಮೂರು ದಿನ ಅದಕ್ಕೇ ಹೋಗುತ್ತದೆ. ನಿಜವಾದ ರಜೆ ಶುರುವಾಗುವುದು ಆಮೇಲೆ. ವಿದ್ಯಾರ್ಥಿಗಳಿಗೂ ಒಂದು ಕೆಲಸ. ಈ ರಜೆಯಲ್ಲಿ ಅಜ್ಜಿಯ ಹತ್ತಿರ ಕೂತು, ‘ನಾನು ಎರಡು ವರ್ಷದವನಿದ್ದಾಗ ಏನು ಮಾಡುತ್ತಿದ್ದೆ?’ ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಅದಕ್ಕೆ ಅಂಕವಿಲ್ಲ. ಆದರೆ ಆ ಪಾಠ ಹೇಳಿಕೊಡುವವರು ಬೇರೆ ಯಾರೂ ಇಲ್ಲ.

ಮಗಳಿಗೆ ಸಿಕ್ಕಿದ್ದು ಐದು ದಿನ, ಅಳಿಯನಿಗೆ ಎರಡು. ಜೊತೆಗೆ ಲ್ಯಾಪ್‌ಟಾಪೂ ಬಂತು. ಇಲ್ಲಿ ಕೊಟ್ಟಿಗೆಯಿಲ್ಲ, ಹೊಳೆಯಿಲ್ಲ. ಪಂಚಾಯಿತಿಯಾಗಿದ್ದ ಹೂಟಗಳ್ಳಿ ನಗರಸಭೆಯನ್ನೂ ಕಂಡಾಯಿತು. ಇದನ್ನು ಊರೆಂದು ಮೊಮ್ಮಗಳಿಗೆ ಏನು ತೋರಿಸುವುದು ಎಂಬ ಚಿಂತೆ ನನಗಿತ್ತು. ಅವಳು ಎರಡು ದಿನ ನನ್ನ ಮೀಸೆ ಕಂಡು ಅತ್ತಳು. ಮೂರನೆಯ ದಿನ ನಾನು ಬೀಗದ ಕೈ ಗೊಂಚಲು ಹಿಡಿದು ಹೊರಟಾಗ ಹಿಂದೆಯೇ ಬಂದಳು. ನಾಲ್ಕು ಮನೆಗಳ ತುಳಸಿಗೆ ಇಬ್ಬರೂ ಸೇರಿ ನೀರು ಹಾಕಿದೆವು. ಅವಳ ಲೋಟದ ನೀರು ಅರ್ಧ ಗಿಡಕ್ಕೆ, ಅರ್ಧ ನನ್ನ ಪಂಚೆಗೆ. ತುಳಸಿಗೆ ಅವಳು ‘ಚಿಚ್ಚಿ’ ಎಂದು ಹೆಸರಿಟ್ಟಿದ್ದಾಳೆ.

ಅವಳು ಮರೆತುಬಿಡುತ್ತಾಳೆ. ಮರೆಯಲಿ. ಈ ಸಲ ನಾನು ಬರೆದಿಟ್ಟಿದ್ದೇನೆ.