ಕೋರೆಯ ಆಚೆಯ ಕುಳಿ

ಗೋಲಿಯಾಟದ ಕುಳಿಯನ್ನು ಹುಡುಗರು ಹಿಮ್ಮಡಿಯಿಂದಲೇ ತೋಡಿಕೊಳ್ಳುತ್ತಾರೆ. ಆಟ ಮುಗಿದ ಮೇಲೆ ಅದು ಯಾರದೂ ಅಲ್ಲ. ಒಂದು ಮಳೆ ಬಿದ್ದರೆ ಮುಚ್ಚಿಹೋಗುತ್ತದೆ. ಗಾಲ್ಫ್ ಆಟದ ಕುಳಿಯೂ ಮೂಲತಃ ಅಷ್ಟೇ, 4.25 ಅಂಗುಲ ಅಗಲದ ಒಂದು ತೂತು. ಹುಲ್ಲು ಸವೆಯದಿರಲೆಂದು ಅದನ್ನೂ ಆಗಾಗ ಮುಚ್ಚಿ ಮಗ್ಗುಲಲ್ಲಿ ಹೊಸದನ್ನು ತೋಡುತ್ತಾರೆ. ಆದರೆ ಆಟಗಾರರು ‘ಹನ್ನೊಂದನೆಯ ಕುಳಿ’ ಎಂದಾಗ ಅವರ ಮನಸ್ಸಿನಲ್ಲಿರುವುದು ಆ ತೂತಲ್ಲ. ಮೊದಲ ಹೊಡೆತದ ದಿಬ್ಬದಿಂದ ಅಲ್ಲಿಯವರೆಗೆ ಹರಡಿದ ಹುಲ್ಲು, ಮರಳುಗುಂಡಿ, ತೊರೆ, ಇಳಿಜಾರು ಎಲ್ಲ ಕೂಡಿ ಒಂದು ಕುಳಿ. ಅಂಥ ಹದಿನೆಂಟು ಸೇರಿ ಒಂದು ಅಂಗಳ.

ಅಮೆರಿಕದ ಫಿಲಡೆಲ್ಫಿಯಾ ನಗರದ ಹೊರವಲಯದಲ್ಲಿ, ಆರ್ಡ್‌ಮೋರ್ ಎಂಬಲ್ಲಿ ಮೆರಿಯನ್ ಗಾಲ್ಫ್ ಕ್ಲಬ್ಬಿನ ಪೂರ್ವ ಅಂಗಳವಿದೆ. ಇದು ಖಾಸಗಿ ಕ್ಲಬ್ಬು. ಸದಸ್ಯರಲ್ಲದವರು ಇಲ್ಲಿ ಕೋಲು ಹಿಡಿಯಬೇಕಾದರೆ ಯಾರಾದರೊಬ್ಬ ಸದಸ್ಯನ ಅತಿಥಿಯಾಗಿ ಬರಬೇಕು. 1912ರಲ್ಲಿ ಇದನ್ನು ರೂಪಿಸಿದ ಹ್ಯೂ ವಿಲ್ಸನ್ ವಿಮಾ ವ್ಯವಹಾರದವನು. ಅದಕ್ಕೆ ಮುಂಚೆ ಒಂದು ಅಂಗಳವನ್ನೂ ಕಟ್ಟಿದವನಲ್ಲ. ದೊರೆತ ನೆಲ ಸುಮಾರು 125 ಎಕರೆ, ಈ ಆಟಕ್ಕೆ ತೀರ ಇಕ್ಕಟ್ಟು. ಸಾಲದ್ದಕ್ಕೆ ನಡುವೆ ಆರ್ಡ್‌ಮೋರ್ ಅವೆನ್ಯೂ ಎಂಬ ಸಾರ್ವಜನಿಕ ರಸ್ತೆ ಹಾಯುತ್ತದೆ. ಎಷ್ಟೇ ಸಿರಿವಂತ ಸದಸ್ಯನಾದರೂ ಮೊದಲ ಕುಳಿ ಮುಗಿಸಿ ಎರಡನೆಯದಕ್ಕೆ ಹೋಗಬೇಕಾದರೆ, ಶಾಲೆ ಬಿಟ್ಟ ಮಗುವಿನಂತೆ ವಾಹನಗಳನ್ನು ನೋಡಿಕೊಂಡೇ ರಸ್ತೆ ದಾಟಬೇಕು.

ಮೊದಲ ಕುಳಿಯ ಭಯವೇ ಬೇರೆ. ಕ್ಲಬ್ಬಿನ ಜಗಲಿಯಲ್ಲಿ ಊಟಕ್ಕೆ ಕುಳಿತವರ ಮಗ್ಗುಲಲ್ಲಿಯೇ ಆಟಗಾರ ಚೆಂಡನ್ನು ಇರಿಸಬೇಕು. ಅವನು ಕೋಲೆತ್ತಿದೊಡನೆ ಮೇಜುಗಳಲ್ಲಿ ಮಾತು ನಿಲ್ಲುತ್ತದೆ. ಆ ಮೌನಕ್ಕಿಂತ ಗದ್ದಲವೇ ವಾಸಿ ಎಂದು ಹೊಸ ಅತಿಥಿಗೆ ಅನ್ನಿಸದೆ ಇರದು.

1971ರಲ್ಲಿ ಇದೇ ಜಾಗದಲ್ಲಿ ಲೀ ಟ್ರೆವಿನೊ ತನ್ನ ಚೀಲದಿಂದ ರಬ್ಬರಿನ ಹಾವೊಂದನ್ನು ಹೊರತೆಗೆದ. ಅಮೆರಿಕದ ಓಪನ್ ಪಂದ್ಯದಲ್ಲಿ ಅವನೂ ಜ್ಯಾಕ್ ನಿಕ್ಲಾಸನೂ ಸರಿಸಮವಾಗಿ ನಿಂತು, ನಿರ್ಣಾಯಕ ಸುತ್ತು ಇನ್ನೇನು ಆರಂಭವಾಗಬೇಕಿತ್ತು. ಎದುರಾಳಿಯನ್ನು ಕಂಗೆಡಿಸುವ ತಂತ್ರವಿದು ಎಂದವರುಂಟು. ಆದರೆ ಹಾವನ್ನು ಇತ್ತ ಎಸೆ ಎಂದು ಕೇಳಿದವನು ನಿಕ್ಲಾಸನೇ. ಜನ ನಕ್ಕರು, ಇಬ್ಬರೂ ನಕ್ಕರು. ಟ್ರೆವಿನೊ 68 ಹೊಡೆತಗಳಲ್ಲಿ ಮುಗಿಸಿ ಗೆದ್ದ. ನಿಕ್ಲಾಸನಿಗೆ 71 ಬೇಕಾದವು. ಡಲ್ಲಾಸ್ ಬಳಿಯ ಬಡ ಮೆಕ್ಸಿಕನ್ ಮೂಲದ ಮನೆಯಲ್ಲಿ, ಗೋರಿ ತೋಡುವ ಅಜ್ಜನ ಆಸರೆಯಲ್ಲಿ ಬೆಳೆದು, ಎಳೆಯ ವಯಸ್ಸಿನಲ್ಲೇ ಶಾಲೆ ಬಿಟ್ಟು, ಇತರರ ಚೀಲ ಹೊತ್ತು ನಡೆಯುವ ಕ್ಯಾಡಿಯಾಗಿದ್ದವನು ಈತ. ಅಂಥವನಿಗೆ ಆ ಜಗಲಿಯ ಮುಂದೆ ನಗುವ ಧೈರ್ಯವಿತ್ತು ಎಂಬುದೇ ಗೆಲುವಿಗಿಂತ ದೊಡ್ಡ ಮಾತು.

ಮೆರಿಯನ್ನಿನ ಕುಳಿಗಳಲ್ಲಿ ಬಾವುಟವಿಲ್ಲ. ಕೋಲಿನ ತುದಿಯಲ್ಲಿ ಬೆತ್ತದ ಪುಟ್ಟ ಬುಟ್ಟಿಯಿದೆ. ಮೊದಲ ಒಂಬತ್ತಕ್ಕೆ ಕೆಂಪು, ಉಳಿದ ಒಂಬತ್ತಕ್ಕೆ ಕಿತ್ತಳೆ. ಬಾವುಟವಾದರೆ ಗಾಳಿಯ ದಿಕ್ಕನ್ನು ಹೇಳಿಬಿಡುತ್ತದೆ. ಬುಟ್ಟಿ ಬಾಯಿ ಬಿಡುವುದಿಲ್ಲ.

ಹನ್ನೊಂದನೆಯದರಲ್ಲಿ ಹಸಿರುಹಾಸಿನ ಮಗ್ಗುಲಿಗೇ ಕಿರುತೊರೆಯೊಂದು ಸುತ್ತಿ ಹರಿಯುತ್ತದೆ. 1934ರಲ್ಲಿ ಬಾಬಿ ಕ್ರೂಯಿಕ್‌ಶ್ಯಾಂಕ್ ಎಂಬಾತನ ಚೆಂಡು ತೊರೆಗೆ ಬಿದ್ದು, ನೀರಿನ ಕಲ್ಲಿಗೆ ತಾಕಿ ಪುಟಿದು ಹಸಿರುಹಾಸಿಗೇ ಬಂದು ನಿಂತಿತು. ಅವನು ಹಿಗ್ಗಿನಿಂದ ಕೋಲನ್ನು ಮೇಲಕ್ಕೆಸೆದ; ಅದು ಅವನ ತಲೆಯ ಮೇಲೆಯೇ ಬಿತ್ತು. ಆ ಪಂದ್ಯವನ್ನು ಅವನು ಗೆಲ್ಲಲಿಲ್ಲ.

ಇದೇ ಕುಳಿಯಲ್ಲಿ, 1930ರ ಸೆಪ್ಟೆಂಬರಿನಲ್ಲಿ ಬಾಬಿ ಜೋನ್ಸ್ ತನ್ನ ಎದುರಾಳಿಯನ್ನು ಸೋಲಿಸಿದ. ಬ್ರಿಟನ್ನಿನ ಎರಡು, ಅಮೆರಿಕದ ಎರಡು, ಹೀಗೆ ಆ ಕಾಲದ ನಾಲ್ಕೂ ಮಹಾಪಂದ್ಯಗಳು ಒಂದೇ ವರ್ಷದಲ್ಲಿ ಅವನವಾದವು. ಹದಿನಾಲ್ಕರ ಹುಡುಗನಾಗಿ 1916ರಲ್ಲಿ ಅವನು ಮೊದಲು ಆಡಲು ಬಂದದ್ದೂ ಮೆರಿಯನ್ನಿಗೇ. ಅವನು ವಕೀಲ, ಕೊನೆಯವರೆಗೂ ಹವ್ಯಾಸಿ. ಆ ಗೆಲುವಿನ ಬೆನ್ನಲ್ಲೇ, ಇಪ್ಪತ್ತೆಂಟರ ಹರೆಯದಲ್ಲಿ ಪಂದ್ಯಗಳಿಗೆ ವಿದಾಯ ಹೇಳಿದ. ಗೆದ್ದಲ್ಲಿಗೆ ನಿಲ್ಲಿಸುವುದು ಎಲ್ಲರಿಗೂ ಸಾಧ್ಯವಾಗುವ ಕೆಲಸವಲ್ಲ.

ಹದಿಮೂರನೆಯದು ಪುಟ್ಟದು, ಸುಮಾರು 120 ಗಜ. ಸುಲಭವೆಂದು ಬಗೆದವನನ್ನು ಸುತ್ತಲಿನ ಮರಳು ನುಂಗುತ್ತದೆ.

ಹದಿನಾರರಲ್ಲಿ ನೆಲವೇ ಮುಗಿದುಹೋದಂತೆ ಕಾಣುತ್ತದೆ. ಎದುರಿಗೆ ಕಲ್ಲು ತೆಗೆದು ಬಿಟ್ಟ ಹಳೆಯ ಕೋರೆ. ಹದಿನೆಂಟನೆಯ ಕುಳಿಯವರೆಗೂ ಅದರ ಕಾಟ ತಪ್ಪದು: ಒಮ್ಮೆ ದಾಟಬೇಕು, ಒಮ್ಮೆ ಮೇಲಿನಿಂದ ಅದರೊಳಕ್ಕೆ ಹೊಡೆಯಬೇಕು, ಕೊನೆಗೆ ಮತ್ತೆ ದಾಟಿ ಹೊರಬರಬೇಕು. ವಿಲ್ಸನ್ ಅದನ್ನು ಮುಚ್ಚಿಸದೆ ಉಳಿಸಿಕೊಂಡದ್ದು ಜಾಣತನ.

ಈ ಮೂರು ಕುಳಿಗಳು ಸೊಂಟ ಮುರಿದವನೊಬ್ಬನಿಗಾಗಿ ಕಾದಿದ್ದವು. 1949ರ ಫೆಬ್ರವರಿಯಲ್ಲಿ ಬೆನ್ ಹೋಗನ್‌ನ ಕಾರಿಗೆ ಟೆಕ್ಸಾಸಿನಲ್ಲಿ ಬಸ್ಸೊಂದು ಎದುರಿನಿಂದ ಬಂದು ಅಪ್ಪಳಿಸಿತು. ಪಕ್ಕದಲ್ಲಿದ್ದ ಹೆಂಡತಿಯನ್ನು ಉಳಿಸಲೆಂದು ಅವನು ಅವಳತ್ತ ಅಡ್ಡ ಬಿದ್ದ. ಅದೇ ಅವನನ್ನೂ ಉಳಿಸಿತು. ಸೊಂಟ, ಹೆಗಲು, ಕಣಕಾಲಿನ ಮೂಳೆಗಳು ಮುರಿದವು, ಆಮೇಲೆ ರಕ್ತ ಹೆಪ್ಪುಗಟ್ಟಿ ಜೀವಕ್ಕೇ ಸಂಚಕಾರ ಬಂತು. ನಡೆದಾನೆಯೇ ಎಂಬುದೇ ಪ್ರಶ್ನೆಯಾಗಿತ್ತು. ಅವನೂ ಒಂಬತ್ತರಲ್ಲಿ ತಂದೆಯನ್ನು ಕಳೆದುಕೊಂಡು ಕ್ಯಾಡಿಯಾಗಿ ಆಟ ಕಲಿತವನೇ. ಹದಿನಾರು ತಿಂಗಳ ಬಳಿಕ, 1950ರ ಜೂನ್ 10ರಂದು, ಕಾಲಿಗೆ ಪಟ್ಟಿ ಸುತ್ತಿಕೊಂಡು ಮೆರಿಯನ್ನಿನಲ್ಲಿ ಒಂದೇ ದಿನ 36 ಕುಳಿಗಳನ್ನು ನಡೆದ. ಹದಿನೆಂಟನೆಯದರಲ್ಲಿ ಸಮಬಲಕ್ಕೆ ಬರಲು ನಾಲ್ಕೇ ಹೊಡೆತ ಉಳಿದಿದ್ದವು. ಇನ್ನೂರು ಗಜಕ್ಕೂ ದೂರದಿಂದ, ಹಿಡಿತಕ್ಕೆ ಸಿಗದ ಒಂದನೆಯ ಕಬ್ಬಿಣದ ಕೋಲಿನಿಂದ ಹೊಡೆದ. ಆ ಹೊಡೆತದ ಕೊನೆಯ ಭಂಗಿಯನ್ನು ಛಾಯಾಗ್ರಾಹಕ ಹೈ ಪೆಸ್ಕಿನ್ ಹಿಂದಿನಿಂದ ಸೆರೆಹಿಡಿದ. ಚಿತ್ರದಲ್ಲಿ ಮುಖ ಕಾಣದು, ಬೆನ್ನು ಮಾತ್ರ. ಚೆಂಡು ಕುಳಿಯಿಂದ ಸುಮಾರು 40 ಅಡಿ ದೂರ ನಿಂತಿತು. ಇನ್ನೆರಡು ಹೊಡೆತದಲ್ಲಿ ಮುಗಿಸಿ, ಮರುದಿನದ ಮೂವರ ನಿರ್ಣಾಯಕ ಸುತ್ತಿನಲ್ಲಿ ಗೆದ್ದ. ಆ ಕೋಲನ್ನು ಮಾತ್ರ ಅಷ್ಟರೊಳಗೆ ಯಾರೋ ಕದ್ದಿದ್ದರು. ಮೂರು ದಶಕ ಕಳೆದ ಮೇಲೆ ಅದು ಸಿಕ್ಕಿ ವಸ್ತುಸಂಗ್ರಹಾಲಯ ಸೇರಿತು.

ಹೋಗನ್ ನಿಂತ ಜಾಗದಲ್ಲಿ ಹುಲ್ಲಿನ ಮಟ್ಟಕ್ಕೆ ಒಂದು ಫಲಕ ಹುದುಗಿಸಿದ್ದಾರೆ. ಅತಿಥಿಯಾಗಿ ಬಂದವನು ಅಲ್ಲಿಗೆ ತಲುಪುವ ಹೊತ್ತಿಗೆ ತನ್ನ ಲೆಕ್ಕ ಕೆಟ್ಟು ಎಷ್ಟೋ ಹೊತ್ತಾಗಿರುತ್ತದೆ. ಆದರೂ ಫಲಕದ ಬಳಿ ಇನ್ನೊಂದು ಚೆಂಡನ್ನು ಬಿಡುತ್ತಾನೆ. ಒಂದನೆಯ ಕಬ್ಬಿಣದ ಕೋಲನ್ನು ಈಗ ಹೆಚ್ಚಿನವರು ಇಟ್ಟುಕೊಳ್ಳುವುದಿಲ್ಲ. ಚೀಲ ಹೊತ್ತ ಹುಡುಗ ಒಂದು ಕ್ಷಣ ದೂರವನ್ನು ಅಳೆದು ನೋಡಿ, ಬೇರೊಂದು ಕೋಲನ್ನು ಎಳೆದು ಅವನ ಕೈಗೆ ಕೊಡುತ್ತಾನೆ.