ಹಕ್ಕಿಗಳಿಗೆ ಹೇಳಿದ ಮಾತು

ಪಾಠ ಹೇಳುವುದು ನನ್ನ ವೃತ್ತಿ. ಕೇಳುವವರಿಲ್ಲದೆ ಮಾತನಾಡುವ ಅಭ್ಯಾಸ ನನಗೆ ಚೆನ್ನಾಗಿಯೇ ಇದೆಯೆಂಬುದನ್ನು, ಊಟದ ನಂತರದ ನನ್ನ ಚರಿತ್ರೆಯ ತರಗತಿಯಲ್ಲಿ ಕುಳಿತಿರುವ ಓದುಗರು ಒಪ್ಪುತ್ತಾರೆ. ಹಾಗಿದ್ದೂ ನನ್ನ ಮನೆಯಲ್ಲೇ ಒಬ್ಬರೊಡನೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಜಗಳವೇನೂ ಇರಲಿಲ್ಲ. ನಮ್ಮ ತಾಯಿಗೆ 84 ವರ್ಷ. ಕಿವಿ ಬಹುಮಟ್ಟಿಗೆ ಹೋಗಿದೆ. ಕೇಳಿಸಿದ ಚೂರುಪಾರೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಮೊದಮೊದಲು ಕೂಗಿ ಹೇಳುತ್ತಿದ್ದೆ. ಆಮೇಲೆ ಊಟಕ್ಕೊಂದು ಸನ್ನೆ, ಮಾತ್ರೆಗೊಂದು ಸನ್ನೆ ಸಾಕೆನಿಸಿತು. ಇದರಲ್ಲಿ ತಪ್ಪಿದೆಯೆಂದು ನನಗೆ ತೋರಿಯೂ ಇರಲಿಲ್ಲ.

ಕಳೆದ ಬೇಸಗೆಯ ರಜೆಯಲ್ಲಿ, ರೋಮಿನಲ್ಲಿ ಕೆಲಸದಲ್ಲಿರುವ ಬಾಲ್ಯದ ಗೆಳೆಯನೊಬ್ಬನ ಒತ್ತಾಯಕ್ಕೆ ಹತ್ತು ದಿನ ಅಲ್ಲಿಗೆ ಹೋಗಿದ್ದೆ. ಪ್ರತಿ ಸಂಜೆ ಮನೆಗೆ ಫೋನು ಮಾಡುವುದು. ಕೊನೆಯಲ್ಲಿ ನನ್ನಾಕೆ, "ಅತ್ತೆಯವರಿಗೆ ಕೊಡಲೇ?" ಎಂದು ಕೇಳುವಳು. "ಬೇಡ, ಅವರಿಗೆಲ್ಲಿ ಕೇಳಿಸುತ್ತೆ?" ಎಂದು ಇಟ್ಟುಬಿಡುತ್ತಿದ್ದೆ.

ಒಂದು ದಿನ ಗೆಳೆಯನಿಗೆ ಬಿಡುವಿರಲಿಲ್ಲ. ಒಬ್ಬನೇ ರೈಲು ಹತ್ತಿ ಅಸೀಸಿಗೆ ಹೋದೆ. ರೈಲು ನಿಲ್ಲುವುದು ಬೆಟ್ಟದ ಕೆಳಗೆ, ಊರು ಮೇಲೆ. ಸಂತ ಫ್ರಾನ್ಸಿಸ್ ಹುಟ್ಟಿದ ಊರು ಅದು. ಬಟ್ಟೆಯ ವ್ಯಾಪಾರಿಯ ಮಗ, ಎಲ್ಲವನ್ನೂ ಬಿಟ್ಟು ಬರಿಗಾಲಿನಲ್ಲಿ ಹೊರಟವನು 1226ರಲ್ಲಿ ತೀರಿಕೊಂಡನು. ಎರಡೇ ವರ್ಷಕ್ಕೆ ಅವನನ್ನು ಸಂತನೆಂದು ಸಾರಿ, ಅವನ ಹೆಸರಿನಲ್ಲಿ ಒಂದರ ಮೇಲೊಂದಾಗಿ ಎರಡು ಅಂತಸ್ತಿನ ದೊಡ್ಡ ಇಗರ್ಜಿಯನ್ನು ಕಟ್ಟತೊಡಗಿದರು. ಗುಡಿಸಲೇ ಸಾಕೆಂದವನಿಗೆ ಅರಮನೆ! ಈ ಬಗೆಯ ಭಕ್ತಿ ನಮಗೇನೂ ಹೊಸದಲ್ಲ.

ಮೇಲಿನ ಇಗರ್ಜಿಯ ಗೋಡೆಗಳ ಮೇಲೆ ಅವನ ಜೀವನದ 28 ಚಿತ್ರಗಳಿವೆ. 1300ರ ಆಸುಪಾಸಿನ ಕಾಲದವು. ಬರೆದವನು ಜೊತ್ತೊ ಎಂದು ಬಹುಕಾಲದ ನಂಬಿಕೆ. ಅಲ್ಲ, ರೋಮಿನ ಕಡೆಯ ಚಿತ್ರಕಾರರು ಎಂದು ಹೇಳುವ ವಿದ್ವಾಂಸರೂ ಇದ್ದಾರೆ. ಆ ಜಗಳ ಅವರಿಗಿರಲಿ. ನಾನು ಹುಡುಕಿಕೊಂಡು ಹೋಗಿದ್ದ ಚಿತ್ರ ಹದಿನೈದನೆಯದು, ಸಂತನು ಹಕ್ಕಿಗಳಿಗೆ ಬೋಧಿಸಿದ್ದು. ಎರಡು ಗೋಡೆಗಳನ್ನೂ ನೋಡಿ ಮುಗಿಸಿದೆ, ಅದು ಕಾಣಲಿಲ್ಲ. ಸೋತು ಹೊರಡಲು ತಿರುಗಿದಾಗ ಕಂಡಿತು. ಬಾಗಿಲಿನ ಪಕ್ಕದಲ್ಲಿ, ಒಳಮೈಯ ಗೋಡೆಯಲ್ಲಿದೆ. ಒಳಗೆ ಬರುವವರ ಬೆನ್ನಿಗೆ ಬೀಳುತ್ತದೆ.

ಚಿತ್ರದಲ್ಲಿ ಹೆಚ್ಚೇನಿಲ್ಲ. ಉಳಿದ ಚಿತ್ರಗಳಲ್ಲಿರುವ ಮಹಲು, ಸಿಂಹಾಸನ, ಜನಜಂಗುಳಿ ಇಲ್ಲಿಲ್ಲ. ಮರ, ಖಾಲಿ ಆಕಾಶ, ಇಬ್ಬರು ಸನ್ಯಾಸಿಗಳು. ಹಿಂದಿರುವವನು ಬೆರಗಾಗಿ ಕೈಯೆತ್ತಿದ್ದಾನೆ. ಫ್ರಾನ್ಸಿಸ್ ಬೆನ್ನು ಬಗ್ಗಿಸಿ, ಎರಡೂ ಕೈಗಳನ್ನು ಮುಂದೆ ಚಾಚಿದ್ದಾನೆ. ನೆಲದ ಮೇಲೆ ಹಕ್ಕಿಗಳು ನೆರೆದಿವೆ. ವೇದಿಕೆ ಹತ್ತಿದವನ ನಿಲುವಲ್ಲ ಅದು. ಮಗುವಿನ ಮುಖದ ಹತ್ತಿರಕ್ಕೆ ಮುಖ ತರುವವರು ಬಗ್ಗುವ ರೀತಿ.

ಇನ್ನೂ ಹತ್ತಿರ ಹೋದೆ. ಕೆಲವು ಹಕ್ಕಿಗಳು ಮಾಸಿಹೋಗಿವೆ. ಇಂಥ ಭಿತ್ತಿಚಿತ್ರದ ಕೆಲಸವೇ ಹಾಗೆ. ಸುಣ್ಣದ ಗಾರೆ ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಗಾರೆ ಒಣಗುತ್ತ ಕಲ್ಲಿನಂತಾದಾಗ ಬಣ್ಣವೂ ಅದರೊಳಗೇ ಸೇರಿಕೊಳ್ಳುತ್ತದೆ. ಅದಕ್ಕೇ ಒಂದು ದಿನದಲ್ಲಿ ಬರೆಯಬಲ್ಲಷ್ಟೇ ಗಾರೆ ಮೆತ್ತುತ್ತಾರೆ. ಗಾರೆ ಒಣಗಿದ ಮೇಲೆ ಹಚ್ಚಿದ್ದು ಅಂಟಿಕೊಂಡಿದ್ದರೂ ಶತಮಾನಗಳಲ್ಲಿ ಉದುರಿಹೋಗುತ್ತದೆ. 1997ರ ಸೆಪ್ಟೆಂಬರ್ 26ರಂದು ಭೂಕಂಪವಾಗಿ ಇದೇ ಇಗರ್ಜಿಯ ಚಾವಣಿ ಕುಸಿದು ನಾಲ್ವರು ಸತ್ತರು. ಚಾವಣಿಯ ಚಿತ್ರಗಳು ಚೂರುಚೂರಾದವು. ಆ ಚೂರುಗಳನ್ನು ಆರಿಸಿ ಜೋಡಿಸುವುದೇ ವರ್ಷಗಳ ಕೆಲಸವಾಯಿತು. ಈ ಗೋಡೆ ಮಾತ್ರ ನಿಂತಿತು. ಮಾಸಿದ ಹಕ್ಕಿಗಳ ಕಡೆಗೆ ಅವನು ಇನ್ನೂ ಬಗ್ಗಿಯೇ ಇದ್ದಾನೆ.

ಅಷ್ಟರಲ್ಲಿ ಧ್ವನಿವರ್ಧಕದಲ್ಲಿ "ಸಿಲೆನ್‌ಜಿಯೊ" ಎಂದು ಗದರಿದರು. ಸದ್ದು ಮಾಡಬೇಡಿರೆಂದು ಅರ್ಥ. ಎಲ್ಲಕ್ಕಿಂತ ದೊಡ್ಡ ಸದ್ದು ಅದೇ ಆಗಿತ್ತೆಂಬುದು ಬೇರೆ ಮಾತು.

ಹಿಂದಿರುಗುವಾಗ ರೈಲಿನಲ್ಲಿ ಅವನ ಚರಿತ್ರೆಯನ್ನು ಓದಿದೆ. ಸಂತ ತೀರಿಕೊಂಡ ಎರಡು ಮೂರು ವರ್ಷಗಳಲ್ಲೇ ತೊಮ್ಮಾಸೊ ದಾ ಚೆಲಾನೊ ಎಂಬ ಸನ್ಯಾಸಿ ಬರೆದದ್ದು. ಬೆವಾನ್ಯ ಎಂಬ ಊರಿನ ಹತ್ತಿರ ಪಾರಿವಾಳ, ಕಾಗೆ ಮುಂತಾದ ಹಕ್ಕಿಗಳ ಹಿಂಡು ಕಂಡಿತಂತೆ. ಫ್ರಾನ್ಸಿಸ್ ಅವುಗಳ ಕಡೆಗೆ ಓಡಿ, ರೆಕ್ಕೆ ಗರಿಗಳನ್ನು ಕೊಟ್ಟವನನ್ನು ಸ್ತುತಿಸಿರೆಂದು ಹೇಳಿದನು. ಅವು ಕತ್ತು ನೀಡಿ ಕೇಳಿದುವು. ಅವನು ಹರಸಿ ಅಪ್ಪಣೆ ಕೊಡುವವರೆಗೆ ಹಾರಲಿಲ್ಲ. ಇಷ್ಟು ಕಥೆ ನನಗೂ ಗೊತ್ತಿತ್ತು. ಗೊತ್ತಿರದಿದ್ದುದು ಮುಂದಿನ ಮಾತು. ಫ್ರಾನ್ಸಿಸ್ ಆ ಪವಾಡಕ್ಕೆ ಹಿಗ್ಗಲಿಲ್ಲವಂತೆ. ಇಷ್ಟು ದಿನ ಹಕ್ಕಿಗಳೊಡನೆ ಮಾತನಾಡದೆ ಎಂಥ ಉದಾಸೀನ ಮಾಡಿದೆನೆಂದು ತನ್ನನ್ನೇ ಬೈದುಕೊಂಡನಂತೆ.

ಪುಸ್ತಕ ಮುಚ್ಚಿದೆ. ಕಿಟಕಿಯಾಚೆ ಏನೇನು ಹಿಂದೆ ಹೋಯಿತೋ ತಿಳಿಯದು.

ಆ ಸಂಜೆ ಫೋನಿನಲ್ಲಿ ನಾನೇ, "ಅಮ್ಮನಿಗೆ ಕೊಡು" ಎಂದೆ. ನನ್ನಾಕೆ ಒಂದು ಕ್ಷಣ ಸುಮ್ಮನಾದಳು. ಆಮೇಲೆ ಗರಗರ ಸದ್ದು, ಬಳೆಯ ಸದ್ದು. "ಯಾರದು?" ಎಂದರು ಅಮ್ಮ. "ನಾನಮ್ಮ" ಎಂದೆ. ಮತ್ತೆ "ಯಾರದು?" ಎಂದರು. ಕೂಗಲಿಲ್ಲ. ಮಾಮೂಲು ದನಿಯಲ್ಲೇ ಹೇಳುತ್ತ ಹೋದೆ: ಬೆಟ್ಟದ ಮೇಲಿನ ಊರು, ಬಾಗಿಲ ಪಕ್ಕದ ಚಿತ್ರ, ಗೆಳೆಯನ ಮನೆಯಲ್ಲಿ ಹುಳಿಗೆ ಹುಣಸೆಹಣ್ಣು ಸಿಗದೆ ನಿಂಬೆಹಣ್ಣು ಹಿಂಡಿದ್ದು, ಎರಡು ವರ್ಷದಿಂದ ಹೇಳದೆ ಉಳಿದಿದ್ದ ಸಣ್ಣಪುಟ್ಟ ಸಂಗತಿ. ಆ ಕಡೆಯಿಂದ ಉಸಿರಾಟ ಮಾತ್ರ ಕೇಳುತ್ತಿತ್ತು.

ಮಾತು ಮುಗಿದು ನಾನೂ ಸುಮ್ಮನಾದೆ. ಸ್ವಲ್ಪ ಹೊತ್ತಿನ ಮೇಲೆ, ದೂರದಿಂದೆಂಬಂತೆ ನನ್ನಾಕೆಯ ದನಿ ಬಂತು: "ಏನು ಹೇಳಿದಿರಿ? ಫೋನು ಕೇಳಿದರೆ ಕೊಡುತ್ತಿಲ್ಲ, ಕಿವಿಗೆ ಒತ್ತಿಕೊಂಡೇ ಕೂತಿದ್ದಾರೆ."